ಗಾಳಿ ಇಲ್ಲದ ಟ್ಯಾಂಕಿನ್ಯಾಗ ಯಾವ ಮೀಡಿಯಾ ಹಾಕಬೇಕ್ರಿ? ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಸಣ್ಣ ಡೇರಿ, ಹಾಸ್ಟೆಲ್, ಖಾನಾವಳಿ, ಖವಾ ಮಾಡೋ ಘಟಕ ಇಂಥವಕ್ಕ ಹೊಲಸು ನೀರಿನ ಟ್ಯಾಂಕ್ ಕಟ್ಟಿಸಿ, ಸುರು ಮಾಡಿಕೊಡೋ ಕೆಲಸ ನಂದು. ಫೋನ್ ಮಾಡಿದವರು ಹೆಚ್ಚು ಕಮ್ಮಿ ಇವೇ ಪ್ರಶ್ನಿ ಕೇಳ್ತಾರ, ಅದರಾಗ ಮೀಡಿಯಾದ್ದ ಭಾಳ, ಯಾಕಂದ್ರ ರೊಕ್ಕ ಹೋಗೂದು ಅಲ್ಲೇ, ಗೊಂದಲ ಇರೂದೂ ಅಲ್ಲೇ. ಅದಕ್ಕ ಎಲ್ಲಾ ಒಂದ್ ಕಡೆ ಬರದಿಟ್ಟೀನಿ, ನಿಮಗ ಬೇಕಾದ ಪ್ರಶ್ನಿಗೆ ಸೀದಾ ಹೋಗ್ರಿ.

ಮೀಡಿಯಾ ಅಂದ್ರ ಏನ್ರಿ? ಅದು ನೀರು ಸೋಸ್ತೈತ್ಯಾ?

ಇಲ್ರಿ, ಸೋಸೂದಿಲ್ಲ. ಈ ಟ್ಯಾಂಕಿನ ಹೆಸರು ಅನೇರೋಬಿಕ್ (ಗಾಳಿ ಇಲ್ಲದ) ಫಿಲ್ಟರ್ ಅಂತ ಇದ್ದದ್ದಕ್ಕ ಎಲ್ಲಾರೂ ಉಸುಕಿನ ಫಿಲ್ಟರ್‌ಗತೆ ಅಂತ ತಿಳ್ಕೋತಾರ. ನೀರು ಸ್ವಚ್ಛ ಮಾಡೂದು ಕಣ್ಣಿಗೆ ಕಾಣದ ಜೀವಾಣು, ಮೀಡಿಯಾ ಅಂದ್ರ ಅವಕ್ಕ ಕುಂದ್ರಾಕ ಕೊಟ್ಟ ಜಾಗಾ ಅಷ್ಟ. ಖಡಿ ಇರಬಹುದು, ಇಟ್ಟಂಗಿ ಚೂರು, ಪ್ಲಾಸ್ಟಿಕ್ ರಿಂಗ್, ಫೋಮ್, ಇದ್ದಲಿ, ತೆಂಗಿನ ನಾರು ಏನರ ಇರಬಹುದು.

ಜಾಗಾ ಯಾಕ ಬೇಕು ಅಂದ್ರ ಇದನ್ನ ತಿಳ್ಕೋಬೇಕ್ರಿ. ಗಾಳಿ ಇಲ್ಲದ ಟ್ಯಾಂಕಿನ್ಯಾಗ ಒಂದ ಜಾತಿ ಜೀವಾಣು ಇರಂಗಿಲ್ಲ, ಒಂದ್ ಗುಂಪು ಹಿಟ್ಟು, ಕೊಬ್ಬು, ಪ್ರೋಟೀನ್ ಇಂಥ ದೊಡ್ಡ ಪದಾರ್ಥ ಒಡೀತೈತಿ, ಇನ್ನೊಂದು ಅದನ್ನ ಹುಳಿ ಮಾಡ್ತೈತಿ, ಮತ್ತೊಂದು ಆ ಹುಳಿಯನ್ನ ಅಸಿಟಿಕ್ ಆಸಿಡ್ ಮತ್ತ ಹೈಡ್ರೋಜನ್ ಮಾಡ್ತೈತಿ, ಕಡೀಕ ಬರೂದು ಮಿಥೇನ್ ಮಾಡೋ ಗುಂಪು. ಹುಳಿ ಮಾಡೋವು ತಾಸುಗಳ ಲೆಕ್ಕದಾಗ ಎರಡ ಪಟ್ಟು ಆಗ್ತಾವ. ಮಿಥೇನ್ ಮಾಡೋವು ಭಾಳ ಸಾವಕಾಶ, ಅದರಾಗ ಮಿಥನೋಸೀಟಾ ಅಂತ ಒಂದೈತಿ, ಅದು ಎರಡ ಪಟ್ಟು ಆಗಾಕ ನಾಲ್ಕ ದಿನದಿಂದ ವಾರದ ಮ್ಯಾಲೂ ತಗೋತೈತಿ. ಈಗ ನಿಮ್ಮ ಟ್ಯಾಂಕಿನ್ಯಾಗ ನೀರು ನಿಲ್ಲೂದ ಒಂದ್ ದಿನ ಆದ್ರ, ವಾರಕ್ಕೊಮ್ಮಿ ಮರಿ ಹಾಕೋ ಜೀವಾಣು ನೀರಿನ ಕೂಡ ಕೊಚ್ಗೊಂಡು ಹೋಗಿಬಿಡ್ತೈತಿ, ಹುಳಿ ಮಾಡೋವು ಅಷ್ಟ ಉಳೀತಾವ, ಟ್ಯಾಂಕ್ ಹುಳಿ ಹಿಡಿದು ನಾರತೈತಿ. ನೀರು ಒಂದ್ ದಿನಕ್ಕ ಹೋಗಬೇಕು, ಜೀವಾಣು ಮಾತ್ರ ತಿಂಗಳಾನುಗಟ್ಟಲೆ ಉಳೀಬೇಕು. ಮೀಡಿಯಾ ಹಾಕೂದು ಇದೊಂದಕ್ಕ.

ಮೀಡಿಯಾದ ಮ್ಯಾಲೆ ಜೀವಾಣುಗಳ ಲೋಳಿ ಹೆಂಗ ಹತ್ತೈತಿ?

ಮಣ್ಣಿನ ಹರವಿಯೊಳಗ ನೀರಿಟ್ಟು ನಾಕ ದಿನ ತೊಳೀಲಿಲ್ಲ ಅಂದ್ರ ಕೈ ಹಾಕಿದ್ರ ಜಾರತೈತಲ್ರಿ, ಅದ ಬಯೋಫಿಲ್ಮ್. ಸ್ಟೀಲ್ ಕೊಡದಾಗೂ ಆಗ್ತೈತಿ, ಆದ್ರ ತಡಾ ಆಗ್ತೈತಿ ಮತ್ತ ಒಂದ್ಸಲ ಉಜ್ಜಿದ್ರ ಹೋಗ್ತೈತಿ. ಹರವಿದು ಹಂಗ ಹೋಗಂಗಿಲ್ಲ, ತೆಂಗಿನ ಜುಂಗು ತಗೊಂಡು ತಿಕ್ಕಬೇಕು. ಇಷ್ಟು ನೆನಪಿಟ್ಟ್ರ ಅರ್ಧ ವಿಷಯ ತಿಳಿದಂಗ.

ಹೊಸಾ ಮೀಡಿಯಾ ನೀರಿಗೆ ಬಿದ್ದ ಕೂಡ್ಲೆ, ನಿಮಿಷಗಳೊಳಗ, ನೀರಿನ್ಯಾಗಿನ ಪ್ರೋಟೀನ್, ಕೊಬ್ಬು ಅದರ ಮ್ಯಾಲೆ ತೆಳ್ಳಗ ಲೇಪ ಆಗ್ತೈತಿ. ಆಮ್ಯಾಲೆ ಜೀವಾಣು ಬಂದು ಮುಟ್ಟತಾವ, ಕೆಲವು ಬಿಟ್ಟು ಹೋಗ್ತಾವ, ಕೆಲವು ಗಟ್ಟಿ ಹಿಡಕೋತಾವ. ಹಿಡಕೊಂಡವು ತಮ್ಮ ಸುತ್ತ ಒಂದು ಅಂಟು ಬಿಡತಾವ, ಸಕ್ಕರಿ ಮತ್ತ ಪ್ರೋಟೀನ್‌ದ್ದು, ಆ ಅಂಟಿನ್ಯಾಗ ಬ್ಯಾರೆ ಜೀವಾಣು ಬಂದು ಸೇರ್ತಾವ, ಹಿಂಗ ಪದರ ಬೆಳೀತೈತಿ. ದಪ್ಪ ಆದಂಗ ಒಳಗಿನ ಪದರಕ್ಕ ಊಟ ಮುಟ್ಟಂಗಿಲ್ಲ, ಒಳಗ ಗ್ಯಾಸ್ ಸೈತ ಹುಟ್ಟತೈತಿ, ಆಗ ಕಿತ್ತು ಬೀಳ್ತೈತಿ, ಮತ್ತ ಬೆಳೀತೈತಿ. ಕಿತ್ತು ಬೀಳೂದು ರೋಗ ಅಲ್ರಿ, ಅದು ಸಹಜ. ಪೂರ್ತಿ ಒಮ್ಮೆಲೆ ಕಿತ್ತು ಬಂದ್ರ ಮಾತ್ರ ಚಿಂತಿ ಮಾಡ್ರಿ.

ಇನ್ನ ಜೀವಾಣುಗಳ ಮೈಮ್ಯಾಲೆ ಸಾಮಾನ್ಯವಾಗಿ ಋಣ ಚಾರ್ಜ್ ಇರ್ತೈತಿ, ಮೀಡಿಯಾದ ಮ್ಯಾಲೂ ಋಣ ಚಾರ್ಜ್ ಇದ್ರ ಮೊದಲ ಮೊದಲ ದೂರ ತಳ್ಳತೈತಿ. ನೀರು ಹಿಡಿಯೋ ಮೈನಾ, ನೀರು ಜಾರಿಸೋ ಮೈನಾ ಅನ್ನೂದೂ ಸುರುವಿನ ದಿನಗಳೊಳಗ ಲೆಕ್ಕಕ್ಕ ಬರ್ತೈತಿ. ಆದ್ರ ಆ ಮೊದಲ ಲೇಪ ಆದ ಮ್ಯಾಲೆ ಇದರ ಜೋರು ಕಮ್ಮಿ ಆಗ್ತೈತಿ, ಉಳಿಯೂದು ಮೈಯ ಒರಟುತನ. ಒರಟು ತಗ್ಗಿನ್ಯಾಗ ಕುಂತ ಜೀವಾಣುವಿಗೆ ನೀರಿನ ಎಳೆತ ತಾಗಂಗಿಲ್ಲ, ಹಿಂಗಾಗಿ ಅದು ಉಳೀತೈತಿ.

ನಮ್ಮ ಕಡೆ ಖಡಿ ಪುಕ್ಕಟೆ ಸಿಕ್ಕಂಗ ಸಿಗ್ತೈತಿ, ಖಡಿನ ಹಾಕಿದ್ರ ನಡೀತೈತ್ಯಾ?

ನಡೀತೈತಿ, ಆದ್ರ ಲೆಕ್ಕಾ ಮಾಡಿ ಹಾಕ್ರಿ. ಖಡಿ ಗುಂಡಗೈತಿ ಅಂತ ಇಟ್ಕೊಂಡು, ಸಂದು ನೂರಕ್ಕ 45 ಅಂತ ಹಿಡದ್ರ, 20 ಮಿಲಿಮೀಟರ್ ಖಡಿಗೆ ಒಂದು ಕ್ಯೂಬಿಕ್ ಮೀಟರಿಗೆ ಸುಮಾರು 165 ಚದರ ಮೀಟರ್ ಮೈ ಸಿಗ್ತೈತಿ, 40 ಮಿಲಿಮೀಟರಿಗೆ 80ರ ಆಸುಪಾಸು, 60ಕ್ಕ 55. ಸಣ್ಣ ಖಡಿ ಹಾಕಿದ್ರ ಮೈ ಹೆಚ್ಚು, ಖರೇ, ಆದ್ರ ಸಂದು ಸಣ್ಣದಾಗಿ ಲಗೂ ಕಟ್ಟಿಕೋತೈತಿ.

ಖಡಿಯ ದೊಡ್ಡ ತೊಂದ್ರಿ ಬ್ಯಾರೆ. ಅದು ಟ್ಯಾಂಕಿನ ಅರ್ಧಕ್ಕಿಂತ ಹೆಚ್ಚು ಜಾಗಾ ತಾನ ತಿಂತೈತಿ. ಒಂದ್ ಉದಾಹರಣಿ ನೋಡ್ರಿ. ದಿನಕ್ಕ 10,000 ಲೀಟರ್ ನೀರು ಬರೋ ಸಣ್ಣ ಡೇರಿ, ಸಿಒಡಿ (ನೀರಿನ್ಯಾಗಿನ ಹೊಲಸು ಸುಡಾಕ ಎಷ್ಟು ಆಕ್ಸಿಜನ್ ಬೇಕು ಅನ್ನೋ ಅಳತಿ) ಲೀಟರಿಗೆ 3,000 ಮಿಲಿಗ್ರಾಂ, ಅಂದ್ರ ದಿನಕ್ಕ 30 ಕಿಲೋ ಸಿಒಡಿ. ನೀರಿರೋ ಜಾಗಾದಾಗ ಒಂದು ಕ್ಯೂಬಿಕ್ ಮೀಟರಿಗೆ ದಿನಕ್ಕ 3 ಕಿಲೋ ಲೋಡ್ ಕೊಡೂದು ಅಂತ ಇಟ್ಕೊಂಡ್ರ 10 ಕ್ಯೂಬಿಕ್ ಮೀಟರ್ ಖಾಲಿ ಜಾಗಾ ಬೇಕು. ಖಡಿ ತುಂಬಿದ್ರ ಟ್ಯಾಂಕ್ 22 ಕ್ಯೂಬಿಕ್ ಮೀಟರ್ ಕಟ್ಟಬೇಕು. ಪ್ಲಾಸ್ಟಿಕ್ ಮೀಡಿಯಾದಾಗ ಸಂದು ನೂರಕ್ಕ 90ರಿಂದ 95 ಇರ್ತೈತಿ, ಹಂಗಾಗಿ 11 ಸಾಕು. ಖಡಿ ಅಗ್ಗ ಅಂತ ಕಾಣ್ತೈತಿ, ಕಾಂಕ್ರೀಟಿಗೆ ಕೊಟ್ಟ ರೊಕ್ಕಾ ಯಾರೂ ಕೂಡಿಸಂಗಿಲ್ಲ. ಮ್ಯಾಲೆ ಒಂದು ಕ್ಯೂಬಿಕ್ ಮೀಟರ್ ಖಡಿ ಒಂದೂವರೆ ಟನ್ ತೂಗ್ತೈತಿ, ಹುಬ್ಬಳ್ಳಿ ಕಡೆ ಎರಿ ಭೂಮಿ, ಮಳಿಗಾಲದಾಗ ಉಬ್ಬಿ ಬ್ಯಾಸಗಿಯೊಳಗ ಬಿರಕಾ ಬಿಡೋ ಮಣ್ಣು, ಅಷ್ಟು ಭಾರ ಹೊತ್ತ ಟ್ಯಾಂಕಿನ ತಳಾ ಛಲೋ ಕಟ್ಟಲಿಲ್ಲ ಅಂದ್ರ ಸೋರತೈತಿ.

ಜಾಗಾ ಜಗ್ಗಿ ಐತಿ, ನೀರು ಕಮ್ಮಿ ಐತಿ, ಹಳ್ಳಿ ಸಾಲಿ ಹಾಸ್ಟೆಲ್ಲಿನಂಥದ್ದು ಅಂದ್ರ ಖಡಿ ಹಾಕ್ರಿ, ಧೂಳು ಪೂರ್ತಿ ತೊಳದು ಹಾಕ್ರಿ. ಕೆಳಗ ದೊಡ್ಡದು, ಮ್ಯಾಲೆ ಸಣ್ಣದು. 12ರಿಂದ 55 ಮಿಲಿಮೀಟರ್ ಒಳಗ ಇರಲಿ.

ಬ್ರೋಷರ್‌ನ್ಯಾಗ ಯಾವದು ಹೆಚ್ಚು ಏರಿಯಾ ತೋರಸ್ತೈತೋ ಅದ ತಗೊಂಡ್ರ ಆತಲ್ಲ?

ಇದೊಂದು ಪ್ರಶ್ನಿಗೆ ನಾ ಎಷ್ಟು ಸಲ ಉತ್ತರ ಹೇಳಿದ್ರೂ ಬ್ಯಾಸರ ಆಗಂಗಿಲ್ರಿ, ಯಾಕಂದ್ರ ರೊಕ್ಕ ಹಾಳಾಗೂದು ಇಲ್ಲೇ.

ಏರಿಯಾ ಅನ್ನೂದು ಗಜಾ ಹಿಡಿದು ಅಳೆದ ಮೈ. ಆ ಮೈಯೆಲ್ಲಾ ಜೀವಾಣುವಿಗೆ ಉಪಯೋಗ ಆಗ್ತೈತಿ ಅಂತೇನಿಲ್ಲ. ಆಕ್ಟಿವೇಟೆಡ್ ಕಾರ್ಬನ್ ತಗೋರಿ, ಒಂದ್ ಗ್ರಾಮಿಗೆ 1,000 ಚದರ ಮೀಟರ್ ಅಂತ ಬರದಿರ್ತಾರ, ಸುಳ್ಳಲ್ಲ, ಆದ್ರ ಆ ಮೈಯ ಹೆಚ್ಚಿನ ಪಾಲು ಇರೂದು 2 ನ್ಯಾನೋಮೀಟರಿಗಿಂತ ಸಣ್ಣ ತೂತಿನೊಳಗ. ಜೀವಾಣು ಸುಮಾರು 1 ಮೈಕ್ರೋಮೀಟರ್, ಅಂದ್ರ ಆ ತೂತಿಗಿಂತ 500 ಪಟ್ಟು ದೊಡ್ಡದು. ಆನಿಗೆ ಇಲಿ ಬಿಲ ತೋರಿಸಿ ಮನಿ ಐತಿ ಅಂದಂಗ ಆತು. ಜೀವಾಣುವಿಗೆ ಬೇಕಾದ್ದು ಅದಕ್ಕಿಂತ ಕೆಲವು ಪಟ್ಟು ದೊಡ್ಡ ತಗ್ಗು, ಕೆಲವು ಮೈಕ್ರೋಮೀಟರಿನಿಂದ ಕೆಲವು ನೂರು ಮೈಕ್ರೋಮೀಟರ್ ತನಕ.

ಎರಡನೇದು ಇನ್ನೂ ಮುಖ್ಯ. ಕೆಳಗಿಂದ ಮ್ಯಾಲೆ ನೀರು ಹರಿಯೋ ಫಿಲ್ಟರ್‌ನ್ಯಾಗ ಕೆಲಸ ಮಾಡೋ ಜೀವಾಣುಗಳೊಳಗ ಭಾಳಷ್ಟು, ಎಷ್ಟೋ ಕಡೆ ಅರ್ಧಕ್ಕಿಂತ ಹೆಚ್ಚು, ಮೀಡಿಯಾಕ್ಕ ಅಂಟಿಕೊಂಡಿರಂಗಿಲ್ಲ, ಮೀಡಿಯಾದ ಸಂದಿನೊಳಗ ಸಡಲ ಉಂಡಿ ಕಟ್ಟಿಕೊಂಡು ಸಿಕ್ಕಿಬಿದ್ದಿರ್ತಾವ. ಅಂದ್ರ ಮೈ ಎಷ್ಟೈತಿ ಅನ್ನೂದಕ್ಕಿಂತ ಸಂದು ಎಂಥಾದ್ದೈತಿ, ಆ ಸಂದು ಉಂಡಿಗಳನ್ನ ಹಿಡಕೊಂಡಿರ್ತೈತೋ ಇಲ್ಲೋ, ನೀರು ಎಲ್ಲಾ ಕಡೆ ಸಮಾ ಹರೀತೈತೋ ಇಲ್ಲೋ, ಇದು ಹೆಚ್ಚು ತೂಕದ್ದು. ಮ್ಯಾಲಿಂದ ಕೆಳಗ ಹರಿಯೋ ಟ್ಯಾಂಕಿನ್ಯಾಗ ಮಾತ್ರ ಅಂಟಿಕೊಂಡವಷ್ಟ ಉಳೀತಾವ, ಸಡಲ ಇದ್ದವು ನೀರಿನ ಕೂಡ ಹೊರಗ, ಅಲ್ಲಿ ಮೈಯ ಗುಣಾ ಭಾಳ ಮುಖ್ಯ.

ಹಿಂಗಾಗಿ ಮೀಡಿಯಾ ಕೊಡಾಕ ಬಂದವರಿಗೆ ನಾ ಕೇಳೂದು ಏರಿಯಾ ಒಂದ ಅಲ್ಲ: ಸಂದು ನೂರಕ್ಕ ಎಷ್ಟು, ಮೈ ಒರಟೈತೇನು ನಯ ಐತೇನು, ಒಂದಕ್ಕೊಂದು ಹೊಂದಿ ಕುಂತು ದಾರಿ ಮುಚ್ಚತಾವೇನು, ಐದ ವರ್ಷಕ್ಕ ಮೆತ್ತಗಾಗಿ ಕುಸೀತಾವೇನು. ಫಿಲ್ಟರಿಗೆ ಒಂದು ಕ್ಯೂಬಿಕ್ ಮೀಟರಿಗೆ 90ರಿಂದ 300 ಚದರ ಮೀಟರ್ ಇದ್ರ ಸಾಕಷ್ಟಾತು.

ಇಟ್ಟಂಗಿ ಚೂರು, ಒಡದ ಹೆಂಚು ಹಾಕಬಹುದಾ? ಮಂದಿ ನಗ್ತಾರ.

ನಗಲಿ ಬಿಡ್ರಿ. 1980ರ ಸುಮಾರಿಗೆ ಕೆನಡಾದಾಗ ಮ್ಯಾಲಿಂದ ಕೆಳಗ ಹರಿಯೋ ಟ್ಯಾಂಕಿನ್ಯಾಗ ಬ್ಯಾರೆ ಬ್ಯಾರೆ ಮೀಡಿಯಾ ಹಾಕಿ ನೋಡಿದಾಗ ಸುಟ್ಟ ಮಣ್ಣು ಪಿವಿಸಿಗಿಂತ ಲಗೂ ಸುರು ಆಗಿ ಹೆಚ್ಚು ಲೋಡ್ ತಡಕೊಂಡಿತ್ತು. ಒರಟು ಮೈ, ಒಳಗ ತೂತು, ಮತ್ತ ಮಣ್ಣಿನ್ಯಾಗ ಕಬ್ಬಿಣದಂಥ ಖನಿಜ. ಮಿಥೇನ್ ಮಾಡೋ ಜೀವಾಣುವಿಗೆ ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ತುಸು ತುಸು ಬೇಕು.

ನಾನೂ ಮೂರು ಡ್ರಮ್ಮಿನ್ಯಾಗ ಒಂದ ಡೇರಿ ನೀರು ಬಿಟ್ಟು ನೋಡೀನಿ, ಒಂದರಾಗ ಹೆಂಚಿನ ಚೂರು, ಒಂದರಾಗ ಕೊಯ್ದ ಪಿವಿಸಿ ಪೈಪು, ಒಂದರಾಗ ತೆಂಗಿನ ನಾರು. ಇದು ಲ್ಯಾಬಿನ ಪ್ರಯೋಗ ಅಲ್ರಿ, ನನ್ನ ಕಣ್ಣಿಗೆ ಕಂಡದ್ದು ಹೇಳ್ತೀನಿ. ಮೊದಲ ಲೋಳಿ ಹಿಡದದ್ದು ನಾರು. ಹೆಂಚು ಎರಡನೇದು. ಪಿವಿಸಿ ತಗದು ನೋಡಿದಾಗೆಲ್ಲಾ ಮೈ ಮಿಂಚಾಕತ್ತಿತ್ತು, ಅದರ ಒಳಮೈಯನ್ನ ಮರಳು ಕಾಗದಾ ಹಚ್ಚಿ ತಿಕ್ಕಿ ಮತ್ತ ಹಾಕಿದ ಮ್ಯಾಲೆ ಅದೂ ಹಿಡೀತು. ಅವತ್ತು ನನಗ ಆದ ಖುಷಿ ಹೇಳಾಕ ಆಗಂಗಿಲ್ಲ, ಹತ್ತು ರೂಪಾಯಿ ಮರಳು ಕಾಗದದ ಕೆಲಸ ಅದು.

ಇಟ್ಟಂಗಿ ಹಾಕೂದಿದ್ರ ಛಲೋ ಸುಟ್ಟದ್ದು ಹಾಕ್ರಿ, ಕೈಯಾಗ ಬಡದ್ರ ಖಣ್ ಅನ್ನಬೇಕು. ಅರೆ ಸುಟ್ಟದ್ದು ನೀರಿನ್ಯಾಗ ಕರಗಿ ತಳದಾಗ ರಾಡಿ ಆಗ್ತೈತಿ. ಮನಿ ಕೆಡವಿದ ಇಟ್ಟಂಗಿಗೆ ಸಿಮೆಂಟ್ ಹತ್ತಿರ್ತೈತಿ, ಅದನ್ನ ಕೆತ್ತಿ ತಗೀರಿ. ಇನ್ನ ಇಟ್ಟಂಗಿನೂ ಖಡಿಯಂಗ ಅರ್ಧ ಜಾಗಾ ತಿಂತೈತಿ, ಆ ಲೆಕ್ಕಾ ಮರೀಬ್ಯಾಡ್ರಿ.

ತೆಂಗಿನ ನಾರು, ಪರಟಿ, ಬಿದಿರು?

ನಾರು ಲೋಳಿ ಹಿಡಿಯೂದ್ರಾಗ ಭಾಳ ಚಲೋ, ಲಿಗ್ನಿನ್ ಹೆಚ್ಚು ಇರೂದಕ್ಕ ಬ್ಯಾರೆ ಗಿಡದ ನಾರಿನಷ್ಟು ಲಗೂ ಕೊಳೆಯಂಗಿಲ್ಲ. ಆದ್ರ ಸುರುವಿಗೆ ಚಹಾದ ಬಣ್ಣದ ನೀರು ಬಿಡ್ತೈತಿ, ಮತ್ತ ತಿಂಗಳು ಕಳದಂಗ ಮೆತ್ತಗಾಗಿ ಕೆಳಗ ಕುಸೀತೈತಿ, ನನ್ನ ಡ್ರಮ್ಮಿನ್ಯಾಗ ಆದದ್ದೂ ಅದ. ಹಂಗ ಸುರೀಬ್ಯಾಡ್ರಿ, ಹಗ್ಗಾ ಹೊಸದು ಮ್ಯಾಲಿಂದ ಕೆಳಗ ಇಳಿಬಿಡ್ರಿ, ಕೆಳಗ ಭಾರ ಕಟ್ರಿ, ಹಂಗಿದ್ರ ಕುಸಿಯಂಗಿಲ್ಲ, ಬದಲಿ ಮಾಡೂದೂ ಸುಲಭ. ಬಿದಿರಿನ ತುಂಡು ಸೈತ ನಡೀತಾವ, ಆದ್ರ ಹಸಿ ಬಿದಿರಿನ ಸಕ್ಕರಿ ಮೊದಲ ಕೊಳೀತೈತಿ, ವಾರಗಟ್ಟಲೆ ನೀರಿನ್ಯಾಗ ನೆನಸಿ ಹಾಕ್ರಿ. ಪರಟಿ ನಯ, ಅದನ್ನ ಇದ್ದಲಿ ಮಾಡಿ ಹಾಕೂದು ಹೆಚ್ಚು ಉಪಯೋಗ.

ಎಂಬಿಬಿಆರ್ ಮೀಡಿಯಾ, ಆ ಗಾಲಿ ಆಕಾರದ್ದು, ಅದನ್ನ ಹಾಕ್ರಿ ಅಂತ ಎಲ್ಲಾರೂ ಹೇಳ್ತಾರಲ್ಲ?

ಎಂಬಿಬಿಆರ್ ಅಂದ್ರ ಮೀಡಿಯಾ ನೀರಿನ್ಯಾಗ ತಿರುಗಾಡೋ ಟ್ಯಾಂಕ್. ಅದು ನಾರ್ವೆ ದೇಶದಾಗ 1980ರ ದಶಕದ ಕಡೀಕ ಹುಟ್ಟಿದ್ದು, ಗಾಳಿ ಊದೋ ಟ್ಯಾಂಕಿಗೆ ಮಾಡಿದ್ದು. ಒಂದು ಕ್ಯೂಬಿಕ್ ಮೀಟರಿಗೆ 500 ಚದರ ಮೀಟರ್ ಒಳಮೈ ಅಂತ ಹೇಳ್ತಾರ. ಗಾಳಿಗೆ ಕುದ್ದಂಗ ತಿರುಗಾಡ್ತಾವ, ಒಂದಕ್ಕೊಂದು ತಿಕ್ಕಿಕೊಂಡು ಹೆಚ್ಚಾದ ಲೋಳಿ ತಾವ ಉದರಸ್ಕೋತಾವ. ಗಾಳಿ ಇಲ್ಲದ ಟ್ಯಾಂಕಿನ್ಯಾಗ ತಿರುಗಸಾಕ ಏನೂ ಇಲ್ಲ. ನೀರಿಗಿಂತ ತುಸು ಹಗುರ ಇರೂದಕ್ಕ ಮ್ಯಾಲೆ ತೇಲಿ ಒತ್ತೊತ್ತಾಗಿ ಕುಂದರತಾವ, ಆ ಸಣ್ಣ ಗಾಲಿಯೊಳಗ ಗ್ಯಾಸಿನ ಗುಳ್ಳಿ ಸಿಕ್ಕೊಂಡು ಇನ್ನೂ ಮ್ಯಾಲೆ ತಳ್ಳತೈತಿ, ಲೋಳಿ ತುಂಬಿ ಮುಚ್ಚತೈತಿ. ಸಾವಕಾಶ ತಿರುಗೋ ಮಿಕ್ಸರ್ ಇದ್ರ ಹಾಕ್ರಿ. ಇಲ್ಲಾಂದ್ರ ದೊಡ್ಡ ಬಾಯಿ ಇರೋ ಪಾಲ್ ರಿಂಗ್ (ಗೋಡಿಗೆ ಕಿಂಡಿ ಇರೋ ಟೊಳ್ಳು ರಿಂಗ್) ಅಥವಾ ಅಡ್ಡಡ್ಡ ಹಾದಿ ಇರೋ ಬ್ಲಾಕ್ ಮೀಡಿಯಾ ಛಲೋ, ಏರಿಯಾ 100ರಿಂದ 200 ಅಷ್ಟ ಇದ್ರೂ ಛಲೋ.

ಇದ್ದಲಿ ಹಾಕಿದ್ರ ಗ್ಯಾಸ್ ಹೆಚ್ಚು ಬರ್ತೈತಿ ಅಂತಾರ, ಖರೇನಾ?

ಇದರಾಗ ಖರೇ ಐತಿ, ಮತ್ತ ಇದು ನನಗ ಈ ವಿಷಯದಾಗ ಎಲ್ಲಾಕ್ಕಿಂತ ಮನಸ್ಸಿಗೆ ಹಿಡಿಸಿದ ಸಂಗತಿ.

ಹುಳಿ ತಿನ್ನೋ ಜೀವಾಣು ತನ್ನ ಎಲೆಕ್ಟ್ರಾನ್ ಯಾರಿಗಾದ್ರೂ ದಾಟಸಬೇಕು. ಸಾಮಾನ್ಯವಾಗಿ ಅದು ಹೈಡ್ರೋಜನ್ ಮಾಡಿ ಬಿಡ್ತೈತಿ, ಮಿಥೇನ್ ಮಾಡೋವು ಆ ಹೈಡ್ರೋಜನ್ ತಿಂತಾವ. ಹೈಡ್ರೋಜನ್ ಸ್ವಲ್ಪ ಜಾಸ್ತಿ ಉಳೀತು ಅಂದ್ರ ಸಾಕು, ಮೊದಲಿನ ಜೀವಾಣುವಿನ ಕೆಲಸ ನಿಲ್ಲತೈತಿ, ಹುಳಿ ಏರತೈತಿ. 2010ರ ನಂತರ ಗೊತ್ತಾಗಿದ್ದು ಏನಂದ್ರ, ಜಿಯೋಬ್ಯಾಕ್ಟರ್‌ನಂಥ ಕೆಲವು ಜೀವಾಣು ಹೈಡ್ರೋಜನ್ ಗೊಡವಿನ ಇಲ್ಲದ ಎಲೆಕ್ಟ್ರಾನ್ ಅನ್ನ ಸೀದಾ ಮಿಥನೋಸೀಟಾದಂಥ ಮಿಥೇನ್ ಮಾಡೋ ಜೀವಾಣುವಿಗೆ ಕೊಡ್ತಾವ, ಕೈಯಿಂದ ಕೈಗೆ ಬುತ್ತಿ ಕೊಟ್ಟಂಗ. ಕರೆಂಟ್ ಹರಿಸೋ ವಸ್ತು ನಡುವ ಇದ್ರ, ಅಂದ್ರ ಆಕ್ಟಿವೇಟೆಡ್ ಕಾರ್ಬನ್, ಬಯೋಚಾರ್ (ಗಿಡದ ಕಸಾ ಸುಟ್ಟು ಮಾಡಿದ ಇದ್ದಲಿ), ಮ್ಯಾಗ್ನಟೈಟ್ (ಕಬ್ಬಿಣದ ಒಂದು ಖನಿಜ) ಇಂಥವು, ಎರಡೂ ಅದಕ್ಕ ಹತ್ತಿಕೊಂಡು ಕುಂತು ಅದನ್ನ ತಂತಿ ಮಾಡ್ಕೋತಾವ. ಇಲ್ಲಿ ಮೀಡಿಯಾ ಬರೇ ಕುಂದ್ರೋ ಜಾಗಾ ಆಗಿ ಉಳಿಯಂಗಿಲ್ಲ, ಕೆಲಸದಾಗ ತಾನೂ ಪಾಲು ತಗೋತೈತಿ. ಹುಳಿ ಹೆಚ್ಚಾದಾಗ, ಲೋಡ್ ಒಮ್ಮೆಲೆ ಏರಿದಾಗ ಇದರ ಉಪಕಾರ ಹೆಚ್ಚು ಕಾಣ್ತೈತಿ, ಸುರುವಿನ ದಿನಾನೂ ಕಮ್ಮಿ ಆಗ್ತಾವ.

ಆದ್ರ ಮನಿ ಒಲಿ ಇದ್ದಲಿ ಎಲ್ಲಾ ಹಂಗ ಮಾಡ್ತೈತಿ ಅಂತಲ್ಲ. ಕಮ್ಮಿ ಶಾಖದಾಗ ಸುಟ್ಟದ್ದು ಕರೆಂಟ್ ಹರಸೂದು ಕಮ್ಮಿ, ಅದರ ಮೈಮ್ಯಾಲಿನ ರಾಸಾಯನಿಕ ಗುಂಪುಗಳು ತುಸು ಕೆಲಸ ಮಾಡ್ತಾವ ಅಷ್ಟ. ಪುಡಿ ಹಾಕಬ್ಯಾಡ್ರಿ, ಕೊಚ್ಗೊಂಡು ಹೋಗ್ತೈತಿ. ಪೂರ್ತಿ ಟ್ಯಾಂಕ್ ಇದ್ದಲಿ ತುಂಬಸೂದು ಬ್ಯಾಡ, ಪ್ಲಾಸ್ಟಿಕ್ ಅಥವಾ ಹೆಂಚಿನ ನಡುವ ಜಾಳಿಗಿ ಚೀಲದಾಗ ಒಂದ್ ಪದರ ಇಡ್ರಿ, ತೂಕಕ್ಕೂ ಖರ್ಚಿಗೂ ಅದು ಸರಿ.

ಬೆಟಗೇರಿ ಕಡೆಯಿಂದ ಕೇಳಾಕತ್ತೀವಿ, ನೂಲಿಗೆ ಬಣ್ಣಾ ಹಾಕಿದ ನೀರು ಇದರಾಗ ಬಿಟ್ರ ಬಣ್ಣ ಹೋಗ್ತೈತ್ಯಾ?

ಅಜೋ ಬಣ್ಣ ಇದ್ರ ಭಾಳಷ್ಟು ಹೋಗ್ತೈತಿ. ಗಾಳಿ ಇಲ್ಲದ ಕಡೆ ಜೀವಾಣು ಆ ಬಣ್ಣದ ನೈಟ್ರೋಜನ್ ಜೋಡಿ ಕೊಂಡಿ ಮುರೀತಾವ, ಬಣ್ಣ ಇಳೀತೈತಿ. ಇಲ್ಲೂ ಆಕ್ಟಿವೇಟೆಡ್ ಕಾರ್ಬನ್ ಮೀಡಿಯಾ ಎಲೆಕ್ಟ್ರಾನ್ ದಾಟಿಸಿ ಆ ಕೆಲಸ ಜೋರು ಮಾಡ್ತೈತಿ. ಆದ್ರ ಕೇಳ್ರಿ, ಬಣ್ಣ ಹೋದ ಮಾತ್ರಕ್ಕ ವಿಷ ಹೋಗಲಿಲ್ಲ. ಮುರದ ಮ್ಯಾಲೆ ಅರೋಮ್ಯಾಟಿಕ್ ಅಮೀನ್ ಅಂತ ಉಳೀತಾವ, ಅವು ಕೆಲವು ಬಣ್ಣಕ್ಕಿಂತ ಕೆಟ್ಟವು, ಕಣ್ಣಿಗೆ ಕಾಣಂಗಿಲ್ಲ. ಅವಕ್ಕ ಮುಂದ ಗಾಳಿ ಊದೋ ಟ್ಯಾಂಕ್ ಬೇಕ ಬೇಕು. ನೀರು ತಿಳಿ ಆತು ಅಂತ ಗಟಾರಕ್ಕ ಬಿಡಬ್ಯಾಡ್ರಿ, ಕೈ ಮುಗದು ಹೇಳ್ತೀನಿ. ಇನ್ನ ಬಣ್ಣದ ನೀರಿನ್ಯಾಗ ಜೀವಾಣುವಿಗೆ ಊಟ ಕಮ್ಮಿ, ಉಪ್ಪು ಮತ್ತ ಸೋಡಾ ಹೆಚ್ಚು, ಪಿಎಚ್ ಇಳಿಸಿ, ಮನಿ ಹೊಲಸು ನೀರು ಕೂಡಿಸಿ ಕೊಡಬೇಕಾಗ್ತೈತಿ.

ಜಿಯೋಲೈಟ್?

ಇದು ಸಣ್ಣ ತೂತಿನ ಒಂದು ಖನಿಜ ಕಲ್ಲು. ಅಮೋನಿಯಾ ಹೆಚ್ಚಿರೋ ನೀರಿಗೆ, ಕೋಳಿ ಫಾರ್ಮ್, ದನದ ಕೊಟ್ಟಿಗಿ ನೀರಿಗೆ ಉಪಯೋಗ. ಅಮೋನಿಯಂ ತನ್ನೊಳಗ ಎಳಕೋತೈತಿ, ಒರಟು ಮೈ ಇರೂದಕ್ಕ ಲೋಳಿನೂ ಹಿಡೀತೈತಿ. ಬ್ಯಾರೆಯವರಿಗೆ ಆ ಖರ್ಚು ಬ್ಯಾಡ.

ಹೆಪ್ಪು ಯಾವದು ಹಾಕಬೇಕು? ಎಷ್ಟ ದಿನಕ್ಕ ಸುರು ಆಗ್ತೈತಿ?

ಹೆಪ್ಪಿಲ್ಲದ ಮೊಸರಾಗಂಗಿಲ್ಲ, ಇದೂ ಹಂಗ. ನಡಿಯಾಕತ್ತಿದ ಗೋಬರ್ ಗ್ಯಾಸ್ ಗುಂಡಿಯಿಂದ ಹೊರಗ ಬರೋ ರಾಡಿ ಎಲ್ಲಾಕ್ಕಿಂತ ಛಲೋ, ಧಾರವಾಡ ಸುತ್ತಿನ ಹಳ್ಳಿಯೊಳಗ ಸಿಗ್ತೈತಿ, ಕೇಳಿ ತರ್ರಿ. ಅದರಾಗ ಮಿಥೇನ್ ಮಾಡೋವು ಆಗ್ಲೇ ತಯಾರ್ ಇರ್ತಾವ. ಹಸಿ ಹೆಂಡಿನೂ ನಡೀತೈತಿ, ಆದ್ರ ಅದರಾಗಿನ ಕಸಾ, ಹುಲ್ಲು ಮೀಡಿಯಾದ ಸಂದಿಗೆ ಸಿಕ್ಕೋತೈತಿ, ಜಾಳಿಗಿಯೊಳಗ ಸೋಸಿ ಹಾಕ್ರಿ.

ಮೊದಲ ಹೆಪ್ಪು ಹಾಕಿ ಎರಡ ಮೂರು ದಿನಾ ಸುಮ್ಮ ಬಿಡ್ರಿ, ನೀರು ಹರಿಸಬ್ಯಾಡ್ರಿ, ಹತ್ತಿಕೊಳ್ಳಾಕ ಟೈಮ್ ಕೊಡ್ರಿ. ಆಮ್ಯಾಲೆ ಒಂದು ಕ್ಯೂಬಿಕ್ ಮೀಟರಿಗೆ ದಿನಕ್ಕ ಅರ್ಧ ಕಿಲೋ ಸಿಒಡಿಯಿಂದ ಸುರು ಮಾಡಿ ಹಗೂರಕ ಏರಸ್ರಿ. ಪಿಎಚ್ 6.8ರಿಂದ 7.4 ಒಳಗ ಇರಬೇಕು. ಪಿಎಚ್ ಬಿದ್ದ ಮ್ಯಾಲೆ ಓಡ್ಯಾಡೂದಕ್ಕಿಂತ ಹುಳಿ ಮತ್ತ ಅಲ್ಕಲಿನಿಟಿ (ಹುಳಿ ತಡಕೊಳ್ಳೋ ನೀರಿನ ಶಕ್ತಿ) ನಡುವಿನ ಪ್ರಮಾಣ ನೋಡ್ರಿ, 0.3 ಒಳಗ ಇದ್ರ ನಿಶ್ಚಿಂತಿ, 0.4 ದಾಟಿದ್ರ ಅವತ್ತ ಫೀಡ್ (ಒಳಗ ಬಿಡೋ ಹೊಲಸು ನೀರು) ಕಮ್ಮಿ ಮಾಡ್ರಿ. ಪಿಎಚ್ ಬೀಳೂದ್ರಕಿಂತ ಕೆಲವು ದಿನ ಮೊದಲ ಇದು ಹೇಳ್ತೈತಿ.

ಒರಟು ಮೀಡಿಯಾ, ಛಲೋ ಹೆಪ್ಪು, ಬೆಚ್ಚಗಿನ ದಿನ ಇದ್ರ ಎರಡ ಮೂರು ತಿಂಗಳು. ಖಡಿ ಹಾಕಿದ ಹಾಸ್ಟೆಲ್ ಟ್ಯಾಂಕಿಗೆ ಆರರಿಂದ ಒಂಬತ್ತು ತಿಂಗಳು ಹಿಡೀಬಹುದು. ಒಂದ್ ಕಡೆ ಮಾಲಕರು ತಿಂಗಳದಾಗ ಪೂರ್ತಿ ನೀರು ಬಿಟ್ಟುಬಿಟ್ರು, ಗಡಬಡಿ, ಇನ್ಸ್‌ಪೆಕ್ಷನ್ ಇತ್ತು ಅಂತ. ಮರುದಿನ ಟ್ಯಾಂಕಿನಿಂದ ಹುಳಿ ಮಜ್ಜಿಗಿ ವಾಸನಿ ಬರಾಕತ್ತು, ಮೀಡಿಯಾ ತಗದು ನೋಡಿದ್ರ ಬೂದಿ ಬಣ್ಣದ ತೆಳ್ಳನ ಲೋಳಿ, ಬೆರಳು ತಾಗಿಸಿದ್ರ ಉದುರ್ತಿತ್ತು. ಮತ್ತ ಮೊದಲಿನಿಂದ ಸುರು ಮಾಡಿದ್ವಿ. ನನಗ ಭಾಳ ಸಂಕಟ ಆತು, ಆ ಒಂದ್ ತಿಂಗಳು ನಾ ದಿನಾ ಮುಂಜಾನೆ ಹೋಗಿ ಪಿಎಚ್ ನೋಡಿದ್ದೆ.

ಚಳಿಗಾಲದಾಗ ಗ್ಯಾಸ್ ಕಮ್ಮಿ ಆಗೂದು ಮೀಡಿಯಾ ಕೆಟ್ಟದ್ದಕ್ಕಾ?

ಅಲ್ರಿ. ಈ ಜೀವಾಣುವಿಗೆ 30ರಿಂದ 37 ಡಿಗ್ರಿ ಹಿತ. ಡಿಸೆಂಬರ್, ಜನವರಿ ರಾತ್ರಿ ನಮ್ಮ ಕಡೆ 15ರ ಸುಮಾರಿಗೆ ಇಳೀತೈತಿ, 20ರ ಕೆಳಗ ನೀರು ಹೋದ್ರ ಕೆಲಸ ಭಾಳ ನಿಧಾನ. ನೆಲದಾಗ ಹುಗಿದ ಟ್ಯಾಂಕ್ ಅಷ್ಟು ತಣ್ಣಗಾಗಂಗಿಲ್ಲ. ಮ್ಯಾಲಿದ್ರ ಸುತ್ತ ಹೊಟ್ಟಿನ ಚೀಲ ಒಟ್ರಿ, ಡೇರಿಯ ಬಿಸಿ ತೊಳೆ ನೀರು ಇದ್ರ ತಣ್ಣಗಾಗೋ ಮೊದಲ ಟ್ಯಾಂಕಿಗೆ ಬಿಡ್ರಿ. ಮೀಡಿಯಾ ಮ್ಯಾಲಿನ ಲೋಳಿ ಸಾಯಂಗಿಲ್ಲ, ಫೆಬ್ರವರಿಗೆ ಮತ್ತ ಎದ್ದು ಕುಂದರತೈತಿ. ನೀರಿನ್ಯಾಗ ತೇಲೋ ಜೀವಾಣು ಆದ್ರ ಅಷ್ಟೊತ್ತಿಗೆ ಹೊರಗ ಹೋಗಿರ್ತಿದ್ದವು.

ಟ್ಯಾಂಕ್ ಕಟ್ಟಿಕೊಂಡೈತಿ, ಮೀಡಿಯಾ ಎಲ್ಲಾ ತಗದು ತೊಳೀಬೇಕಾ?

ಮೊದಲ ಕಾರಣ ನೋಡ್ರಿ. ಹೆಚ್ಚಿನ ಸಲ ತಪ್ಪು ಮೀಡಿಯಾದ್ದಲ್ಲ, ಮುಂದಿನ ಸೆಟ್ಲಿಂಗ್ ಟ್ಯಾಂಕ್ ಮತ್ತ ಗ್ರೀಸ್ ಟ್ರ್ಯಾಪ್ ತೊಳೀಲಾರದ್ದಕ್ಕ ಕಸಾ, ಜಿಡ್ಡು ಒಳಗ ಬಂದಿರ್ತೈತಿ. ಖಾನಾವಳಿ, ಡೇರಿ ಎರಡರಾಗೂ ಜಿಡ್ಡು ದೊಡ್ಡ ವೈರಿ, ಲೋಳಿಯ ಮ್ಯಾಲೆ ಲೇಪ ಆಗಿ ಊಟ ಮುಟ್ಟಗೊಡಂಗಿಲ್ಲ, ಕೊಬ್ಬು ಒಡದು ಬರೋ ಉದ್ದ ಆಸಿಡ್‌ಗಳು ಮಿಥೇನ್ ಜೀವಾಣುವಿಗೆ ತ್ರಾಸು ಕೊಡ್ತಾವ. ಪೂರ್ತಿ ತೊಳದ್ರ ಎರಡ ಮೂರು ತಿಂಗಳ ದುಡಿಮಿ ಗಟಾರಕ್ಕ ಹೋದಂಗ. ತಳದ ವಾಲ್ವ್ ತಗದು ಸ್ಲಜ್ ಇಳಿಸಿ, ಅದ ಟ್ಯಾಂಕಿನ ನೀರನ್ನ ಉಲ್ಟಾ ಹರಿಸಿ ಸಡಲ ಇದ್ದದ್ದು ಅಷ್ಟ ತಗೀರಿ. ನಳದ ಕ್ಲೋರಿನ್ ನೀರು ಹಚ್ಚಬ್ಯಾಡ್ರಿ. ದಿನಾ ನಡಸೋವಾಗ ನೀರು ಏರೋ ವೇಗ ತಾಸಿಗೆ 2 ಮೀಟರ್ ಒಳಗ ಇರಲಿ.

ಮೀಡಿಯಾ ಇಲ್ಲದ ನಡಸೋ ಯುಎಎಸ್‌ಬಿ ಇದಕ್ಕಿಂತ ಛಲೋ ಅಲ್ಲಾ?

ನೆದರ್ಲೆಂಡ್ಸಿನ ವಾಗನಿಂಗನ್‌ದಾಗ ಗಾಟ್ಸೆ ಲೆಟಿಂಗಾ ಅವರು 1970ರ ದಶಕದಾಗ ಅದನ್ನ ಬೆಳೆಸಿದ್ರು. ಅದು ಕೆಳಗಿಂದ ಮ್ಯಾಲೆ ನೀರು ಹರಿಯೋ, ಮೀಡಿಯಾ ಹಾಕದ ಟ್ಯಾಂಕ್. ಅಲ್ಲಿ ಜೀವಾಣು ತಾವ ಒಂದಕ್ಕೊಂದು ಹತ್ತಿಕೊಂಡು ಸಾಬೂದಾಣಿಯಂಥ ಗುಂಡು ಆಗ್ತಾವ, ಭಾರಕ್ಕ ಕೆಳಗ ಕುಂದರತಾವ. ಗುಂಡು ಆದ್ರ ಭಾಳ ಛಲೋ. ಆಗಲಿಲ್ಲ ಅಂದ್ರ ಎಲ್ಲಾ ಹೊರಗ. ಜಿಡ್ಡಿನ ನೀರು, ದಿನಕ್ಕೊಂದು ನಮೂನಿ ಬರೋ ನೀರು, ನೋಡ್ಕೊಳ್ಳಾಕ ಇಂಜಿನಿಯರ್ ಇಲ್ಲದ ಸಣ್ಣ ಘಟಕ ಇಂಥವಕ್ಕ ಮೀಡಿಯಾ ಇರೋ ಟ್ಯಾಂಕ್ ಹೆಚ್ಚು ತಾಳ್ಕೋತೈತಿ.

ಇದಾದ ಮ್ಯಾಲೆ ನೀರನ್ನ ಸೀದಾ ನಾಲಾಕ್ಕ ಬಿಡಬಹುದಾ?

ಬ್ಯಾಡ್ರಿ. ನದಿ, ಕೆರಿ, ನಾಲಾಕ್ಕ ಬಿಡಾಕ ಸಾಮಾನ್ಯ ಮಾನದಂಡ ಲೀಟರಿಗೆ ಬಿಒಡಿ (ಜೀವಾಣು ತಿನ್ನಬಹುದಾದ ಹೊಲಸಿನ ಅಳತಿ) 30, ಸಿಒಡಿ 250 ಮಿಲಿಗ್ರಾಂ. 3,000ದಿಂದ ಸುರು ಆದ ನೀರು ನೂರಕ್ಕ 75 ಕಮ್ಮಿ ಆದ್ರೂ 750 ಉಳೀತು. ನೈಟ್ರೋಜನ್ ಅಂತೂ ಹೋಗೂದ ಇಲ್ಲ ಅನ್ನಬೇಕು. ಮುಂದ ಗಾಳಿ ಕೊಡೋ ಟ್ಯಾಂಕ್ ಇಲ್ಲಾ ಗಿಡಗಳ ಹಾಸು ಬೇಕು. ಮಾಲಿನ್ಯ ನಿಯಂತ್ರಣ ಬೋರ್ಡಿನ ಕನ್ಸೆಂಟ್‌ನ್ಯಾಗ ನಿಮಗ ಏನ್ ಬರದಾರ ಅದನ್ನ ನೋಡ್ರಿ, ಇನ್ನೂ ಬಿಗಿ ಇರಬಹುದು. ಹುಬ್ಬಳ್ಳಿಯ ಉಣಕಲ್ ಕೆರಿ ದಂಡಿಗೆ ಸಂಜಿ ಅಡ್ಡಾಡಾಕ ಹೋದಾಗ, ಕೆಳಗ ಹರಿಯೋ ನಾಲಾ ನೋಡಿದಾಗ ನನಗ ಪ್ರತಿ ಸಲ ಈ 750 ನೆನಪಾಗ್ತೈತಿ.

ಗ್ಯಾಸ್ ಎಷ್ಟು ಸಿಗ್ತೈತಿ?

ಒಂದ್ ಕಿಲೋ ಸಿಒಡಿ ಹೋದ್ರ ಸುಮಾರು 350 ಲೀಟರ್ ಮಿಥೇನ್, ಕಾಗದದ ಮ್ಯಾಲೆ. ಮ್ಯಾಲಿನ ಡೇರಿಗೆ 30ರಾಗ 22.5 ಕಿಲೋ ಹೋತು ಅಂದ್ರ 8 ಕ್ಯೂಬಿಕ್ ಮೀಟರ್ ಹತ್ರ, ಅಡಗಿ ಸಿಲಿಂಡರಿನ ಲೆಕ್ಕದಾಗ ದಿನಕ್ಕ 6 ಕಿಲೋ ಗ್ಯಾಸ್. ತುಸು ನೀರಿನ್ಯಾಗ ಕರಗಿ ಹೋಗ್ತೈತಿ, ಹಂಗಾಗಿ ಕಮ್ಮಿನ ಹಿಡೀರಿ.

ಒಳಗ ಇಳದು ಮೀಡಿಯಾ ನೋಡಬಹುದಾ?

ಇಳೀಬ್ಯಾಡ್ರಿ, ಯಾರನ್ನೂ ಇಳಸಬ್ಯಾಡ್ರಿ. ಒಳಗ ಹೈಡ್ರೋಜನ್ ಸಲ್ಫೈಡ್ ಇರ್ತೈತಿ, ಕೊಳತ ತತ್ತಿ ವಾಸನಿ ಬರೂದು ಕಮ್ಮಿ ಇದ್ದಾಗ ಅಷ್ಟ, ಹೆಚ್ಚಾದ್ರ ಮೂಗು ಸತ್ತು ವಾಸನಿನ ಗೊತ್ತಾಗಂಗಿಲ್ಲ, ಕೆಲವು ಉಸುರಿಗೆ ಮನಿಷಾ ಬೀಳ್ತಾನ, ಅವನ್ನ ತಗ್ಯಾಕ ಇಳದವನೂ ಬೀಳ್ತಾನ. ರಕ್ಷಣಾ ಸಾಮಾನು ಇಲ್ಲದ ಮನಿಷಾನ್ನ ಗಟಾರ, ಸೆಪ್ಟಿಕ್ ಟ್ಯಾಂಕಿಗೆ ಇಳಸೂದು 2013ರ ಕಾಯ್ದೆ ಪ್ರಕಾರ ಅಪರಾಧ. ಕಟ್ಟೋವಾಗ್ಲೇ ಒಂದು ಉಪಾಯ ಮಾಡ್ರಿ: ಜಾಳಿಗಿ ಬುಟ್ಟಿಯೊಳಗ ನಾಲ್ಕ ಮೀಡಿಯಾ ತುಂಡು ಹಾಕಿ, ನೈಲಾನ್ ಹಗ್ಗ ಕಟ್ಟಿ, ಮುಚ್ಚಳದ ಬಾಯಿಂದ ಮೀಡಿಯಾ ನಡುವ ಇಳಿಬಿಡ್ರಿ. ತಿಂಗಳಿಗೊಮ್ಮಿ ಮುಚ್ಚಳಾ ತಗದು ತುಸು ಹೊತ್ತು ದೂರ ನಿಂತು, ಹಗ್ಗ ಎಳದು ನೋಡ್ರಿ, ಬೀಡಿ ಬೆಂಕಿ ಹತ್ರ ಬ್ಯಾಡ. ಕಪ್ಪು, ಬೆರಳಿಗೆ ಜಾರೋ ಹಂಗ, ತೊಳದ್ರೂ ತುಸು ಉಳಿಯೋ ಲೋಳಿ ಇದ್ರ ಛಲೋ ನಡದೈತಿ. ಬಿಳಿ, ಬೂದಿ ಬಣ್ಣ, ಹುಳಿ ವಾಸನಿ ಇದ್ರ ಫೀಡ್ ಕಮ್ಮಿ ಮಾಡ್ರಿ.

ಹಳೇ ಮೀಡಿಯಾ ಹೊಸಾ ಟ್ಯಾಂಕಿಗೆ ಹಾಕಬಹುದಾ?

ಹಾಕಬಹುದಲ್ಲ, ಹಾಕಾಕ ಬೇಕು. ಛಲೋ ನಡದ ಟ್ಯಾಂಕಿನ ನಾಲ್ಕ ಬುಟ್ಟಿ ಮೀಡಿಯಾ ಅಂದ್ರ ಅಂಗಡ್ಯಾಗ ಸಿಗಲಾರದ ಹೆಪ್ಪು. ತೊಳೀಬ್ಯಾಡ್ರಿ, ಒಣಗಿಸಬ್ಯಾಡ್ರಿ, ಗಾಳಿ ಹೆಚ್ಚು ಹೊತ್ತು ತಾಗಿಸಬ್ಯಾಡ್ರಿ. ಅದ ಟ್ಯಾಂಕಿನ ನೀರು ತುಂಬಿದ ಡ್ರಮ್ಮಿನ್ಯಾಗ ಮುಳುಗಿಸ್ರಿ, ಗ್ಯಾಸ್ ಹೊರಗ ಹೋಗಾಕ ಮುಚ್ಚಳಾ ತುಸು ಸಡಲ ಬಿಡ್ರಿ, ತೆರದ ಗಾಡಿಯೊಳಗ ಒಯ್ದು ಅವತ್ತ ಸಂಜಿ ಒಳಗ ಹೊಸಾ ಟ್ಯಾಂಕಿನ ತಳದಾಗ, ನೀರು ಒಳಗ ಬರೋ ಬಾಯಿ ಹತ್ರ ಇಡ್ರಿ. ಹೊಸಾ ಮೀಡಿಯಾ ಅದರ ಸುತ್ತ ಸುರೀರಿ.